ಆರ್ಕೆಸ್ಟ್ರಾ ಮತ್ತು ಅಪ್ಪನ ರೋಜ್‌ಕಿರ್ದಿ

ನಾನು ಸಂಗೀತ ಕಲಿತವನಲ್ಲ. ನಮ್ಮ ಕಲಬುರಗಿಯ ನೆಹರೂ ಗಂಜಿನ ಅಡತಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ತೊಗರಿಯ ಲೆಕ್ಕ ಬರೆದವನು. ಲೆಕ್ಕ ಬರೆಯುವವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಸಂಜೆ ಶಿಲ್ಕು, ಅಂದರೆ ದಿನದ ಕೊನೆಗೆ ಉಳಿದ ಹಣ, ಲೆಕ್ಕಕ್ಕೆ ತಾಳೆಯಾಗದಿದ್ದರೆ ಊಟ ಸೇರುವುದಿಲ್ಲ. ಎಂಟಾಣೆ ಕಡಿಮೆ ಬಂದರೂ ಕಷ್ಟ, ಎಂಟಾಣೆ ಜಾಸ್ತಿ ಬಂದರೆ ಇನ್ನೂ ಕಷ್ಟ. ನನ್ನ ಬದುಕಿನಲ್ಲಿ ಹೀಗೆ ತಾಳೆಯಾಗದೆ ನಿಂತ ಒಂದು ರಾತ್ರಿ ಇದೆ. ಚಿಕ್ಕಂದಿನಲ್ಲಿ ನೋಡಿದ ಒಂದು ಆರ್ಕೆಸ್ಟ್ರಾದ ರಾತ್ರಿ. ಇವತ್ತು ಅದರ ಲೆಕ್ಕವನ್ನು ನಿಮ್ಮ ಮುಂದೆ ಬಿಚ್ಚುತ್ತೇನೆ.

ಮೊದಲು ಅದು ನನ್ನ ತಲೆಯಲ್ಲಿ ಹೇಗೆ ಕೂತಿದೆಯೋ ಹಾಗೇ ಹೇಳಿಬಿಡುತ್ತೇನೆ. ನಡುವೆ ತಪ್ಪು ಹಿಡಿಯಬೇಡಿ. ಆ ಕೆಲಸ ನಾನೇ ಆಮೇಲೆ ಮಾಡುತ್ತೇನೆ.

1980. ಫೆಬ್ರುವರಿ 16ಕ್ಕೆ ಸೂರ್ಯಗ್ರಹಣ ಆಗಿತ್ತು. ಇಲ್ಲಿ ತಲೆ ಬೆಳ್ಳಗಾದವರಿಗೆಲ್ಲ ಅದು ನೆನಪಿರುತ್ತದೆ. ಶನಿವಾರ ಮಧ್ಯಾಹ್ನ. ಪೂರ್ತಿ ಗ್ರಹಣದ ಪಟ್ಟಿ ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲಿಂದ ಹಾದು ಹೋಯಿತು. ನಮ್ಮ ಊರು ಆ ಪಟ್ಟಿಯ ಹೊರಗೆ ಉಳಿಯಿತು. ಹೆದರುವುದರಲ್ಲಿ ಮಾತ್ರ ನಾವು ಹೊರಗೆ ಉಳಿಯಲಿಲ್ಲ. ಅವ್ವ ಉಪ್ಪಿನಕಾಯಿ ಭರಣಿಯ ಮೇಲೆ ಗರಿಕೆ ಇಟ್ಟಳು, ಕಿಟಕಿಗೆ ಚಾದರ ಕಟ್ಟಿದಳು. ಬ್ರಹ್ಮಪುರದ ನಮ್ಮ ಓಣಿಯಲ್ಲಿ ನಾಯಿ ಬಿಟ್ಟರೆ ಒಂದು ಪಿಳ್ಳೆಯೂ ಇರಲಿಲ್ಲ.

ಸೂರ್ಯಗ್ರಹಣ ಅಂದರೆ ಅಮಾವಾಸ್ಯೆ. ಅಲ್ಲಿಂದ ಹದಿನೈದು ದಿನಕ್ಕೆ ಹುಣ್ಣಿಮೆ, ಹೋಳಿ. ಹೋಳಿಯಾಗಿ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು. ಅಂದರೆ ಮಾರ್ಚ್ ಮೊದಲ ವಾರ. ಇಲ್ಲಿಯವರೆಗೆ ಲೆಕ್ಕ ಸರಿ ಇದೆ ಅಲ್ವಾ?

ಸಂಜೆ ತೇರು ಎಳೆದಾಯಿತು. ಜನ ಉತ್ತತ್ತಿ, ಬಾಳೆಹಣ್ಣು ತೂರಿದರು, ಶರಣರ ಪವಿತ್ರ ಪರುಷ ಬಟ್ಟಲಿನ ದರ್ಶನ ಮಾಡಿದರು. ಕತ್ತಲಾದ ಮೇಲೆ ಒಂದು ಓಣಿಯ ಹುಡುಗರು ಪಟ್ಟಿ ಎತ್ತಿ ಕರೆಸಿದ್ದ ಆರ್ಕೆಸ್ಟ್ರಾ. ಎರಡು ಟ್ರ್ಯಾಲಿ ಜೋಡಿಸಿ ಮೇಲೆ ಹಲಗೆ ಹಾಸಿದ್ದರು, ಹಿಂದೆ ನೀಲಿ ತಾಡಪತ್ರಿ ಕಟ್ಟಿದ್ದರು. ಬೇವಿನ ಗಿಡಕ್ಕೆ ಎರಡು ಭೋಂಗಾ. ಈಗಿನ ಮಕ್ಕಳಿಗೆ ಭೋಂಗಾ ಅಂದರೆ ಗೊತ್ತಾಗಲಿಕ್ಕಿಲ್ಲ, ಧತ್ತೂರಿ ಹೂವಿನಂತೆ ಬಾಯಿ ತೆರೆದ ಲೌಡ್‌ಸ್ಪೀಕರ್. ಜನ ತಟ್ಟು, ಚಾಪೆ ಹಾಸಿಕೊಂಡು ಕೂತಿದ್ದರು. ವೇದಿಕೆಯ ಬಗಲಲ್ಲಿ ಯಾರೋ ಮನೆ ಕಟ್ಟಲು ಶಹಾಬಾದಿ ಫರಸಿ ಒಟ್ಟಿದ್ದರು. ಅಣ್ಣ ನನ್ನನ್ನು ಅದರ ಮೇಲೆ ಹತ್ತಿಸಿದ. ಹಗಲೆಲ್ಲ ಬಿಸಿಲು ಕುಡಿದ ಕಲ್ಲು. ರಾತ್ರಿ ಒಂಬತ್ತಕ್ಕೂ ಚಡ್ಡಿಯ ಕೆಳಗೆ ತೊಡೆ ಚುರ್ ಅನ್ನುತ್ತಿತ್ತು. ಕಾಲು ಬದಲಿಸಿ ಬದಲಿಸಿ ಕೂತೆ.

ನಿರೂಪಕ ಎರಡೂ ಭಾಷೆಯಲ್ಲಿ ಕೂಗುತ್ತಿದ್ದ. "ಬೈಠೋ ಭಾಯಿ ಬೈಠೋ, ಕುಂದರ್ರಿ, ಮುಂದಿನವ್ರು ಕುಂದರ್ರಿ!" ಫರ್ಮಾಯಿಷಿ ಚೀಟಿಗಳು ಕೈಯಿಂದ ಕೈಗೆ ದಾಟಿ ವೇದಿಕೆ ಸೇರುತ್ತಿದ್ದವು. ಹಳ್ಳಿಯಿಂದ ತೇರಿಗೆ ಬಂದ ರೈತರಿಗೆ 'ಸಂಪತ್ತಿಗೆ ಸವಾಲ್' ಚಿತ್ರದ ಎಮ್ಮೆಯ ಹಾಡೇ ಬೇಕು. 1974ರ ಹಾಡು, ಆರು ವರ್ಷ ಆಗಿದ್ದರೂ ಅದಕ್ಕೆ ವಯಸ್ಸಾಗಿರಲಿಲ್ಲ. ಸ್ಟೇಷನ್ ಬಜಾರ್ ಕಡೆಯ ಹುಡುಗರಿಗೆ 'ಅಮರ್ ಅಕ್ಬರ್ ಆಂಥೊನಿ'ಯ ಖವ್ವಾಲಿ ಬೇಕು. ಎರಡನ್ನೂ ಒಬ್ಬನೇ ಹಾಡಿದ. ಲತಾ, ಜಾನಕಿ ಅವರ ಹಾಡುಗಳನ್ನೂ ಅವನೇ ಹಾಡಿದ. ಹೆಣ್ಣು ಧ್ವನಿ ಬರಬೇಕಾದಾಗ ನಮಗೆ ಬೆನ್ನು ತಿರುಗಿಸಿ, ಕರವಸ್ತ್ರವನ್ನು ಬಾಯಿಯ ಹತ್ತಿರ ಹಿಡಿಯುತ್ತಿದ್ದ. ಮತ್ತೆ ಈ ಕಡೆ ತಿರುಗಿದರೆ ಗಂಡಸು. ಜನ ಸಿಳ್ಳೆ ಹೊಡೆದದ್ದೇ ಹೊಡೆದದ್ದು.

ನಡುವೆ ಒಬ್ಬ ಮಿಮಿಕ್ರಿಯವನು ಬಂದು ಗ್ರಹಣದ ಜೋಕು ಹೇಳಿದ. ಹೆಂಡತಿ ಅವನನ್ನು ಒಳಗೆ ಹಾಕಿ ಬೀಗ ಜಡಿದಳಂತೆ, ಗ್ರಹಣ ಬಿಟ್ಟ ಮೇಲೂ ಬೀಗ ತೆಗೆಯಲಿಲ್ಲವಂತೆ. "ನನಗ ಹಿಡಿದ ಗ್ರಹಣ ಇನ್ನಾ ಬಿಟ್ಟಿಲ್ರೀ!" ಅಂದ. ಅವನ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಉದ್ದ ಮುಖ, ಒಂದು ಹುಬ್ಬು ಮೇಲೆ.

ನನ್ನ ಕಣ್ಣು ಅಕಾರ್ಡಿಯನ್ ನುಡಿಸುವವನ ಮೇಲಿತ್ತು. ಫರಸಿಯಿಂದ ಅವನು ಎರಡು ಮಾರು ದೂರ. ಬಲಗಾಲಿನ ಚಪ್ಪಲಿ ಬಿಟ್ಟು, ಹೆಬ್ಬೆರಳಿಂದ ಹಲಗೆಯ ಮೇಲೆ ತಾಳ ಹಾಕುತ್ತಿದ್ದ. ಪೆಟ್ಟಿಗೆಯ ಭಾತೆ, ಅಂದರೆ ಗಾಳಿಚೀಲ, ಮಡಿಕೆ ಮಡಿಕೆಯಾಗಿ ತೆರೆದುಕೊಂಡಾಗ, ಒಂದು ಮಡಿಕೆಯಲ್ಲಿ ಸೈಕಲ್ ಟ್ಯೂಬಿನ ಕರಿ ತೇಪೆ ಕಾಣುತ್ತಿತ್ತು. ಮುಚ್ಚಿದಾಗ ಮಾಯ. ತೆರೆದರೆ ತೇಪೆ, ಮುಚ್ಚಿದರೆ ಇಲ್ಲ. ನಾನು ಹಾಡು ಬಿಟ್ಟು ಅದನ್ನೇ ನೋಡುತ್ತಿದ್ದೆ.

ಆಮೇಲೆ ಕರೆಂಟ್ ಹೋಯಿತು. ಖವ್ವಾಲಿಯ ನಡುವೆ, ಸಾಲು ಅರ್ಧಕ್ಕೇ ಕತ್ತರಿಸಿತು. ಒಮ್ಮೆಲೇ ಎಲ್ಲ ಸುಮ್ಮನಾಯಿತು. ದೂರದಲ್ಲೆಲ್ಲೋ ನಾಯಿ ಬೊಗಳಿದ್ದು ಕೇಳಿತು. ಅದೇ ಕತ್ತಲಲ್ಲಿ ಅಕಾರ್ಡಿಯನ್ ಮಾತ್ರ ನಿಲ್ಲಲಿಲ್ಲ. ತೇಪೆಯ ಹತ್ತಿರ ಗಾಳಿ ಸೋರಿ ಸುಸ್ಸ್, ಸುಸ್ಸ್ ಅನ್ನುತ್ತಿತ್ತು. ಹಾಡುವವನೂ ನಿಲ್ಲಿಸಲಿಲ್ಲ. ಮೈಕಿಲ್ಲದ ಅವನ ಗಂಟಲು ಎಷ್ಟು ಸಣ್ಣದಿತ್ತು ಗೊತ್ತಾ? ನಮ್ಮ ಕಾಕಾ ಸ್ನಾನ ಮಾಡುತ್ತ ಹಾಡಿದಷ್ಟೇ. ಮುಂದೆ ಕೂತವರು ಚಪ್ಪಾಳೆಯಲ್ಲೇ ತಾಳ ಹಿಡಿದರು. ಜನರೇಟರ್ ಶುರುವಾಗುವವರೆಗೆ ಹಾಗೇ ನಡೆಯಿತು. ಕೊನೆಗೆ 'ಗೀತಾ' ಚಿತ್ರದ ಜೊತೆಯಲಿ ಹಾಡು ಹಾಡಿ ಮುಗಿಸಿದರು.

ಇಷ್ಟು. ಇದು ನನ್ನ ಅಚ್ಚುಮೆಚ್ಚಿನ ರಾತ್ರಿ. ನಲವತ್ತು ವರ್ಷ ಇದನ್ನು ಹೀಗೇ ಹೇಳಿಕೊಂಡು ಬಂದೆ. ಆರ್ಕೆಸ್ಟ್ರಾದ ಹೆಸರು ಡ್ರಮ್ಮಿನ ಮೇಲೆ ಬರೆದಿತ್ತು. ಅದರ ಮುಂದೆ ಸದಾ ಯಾರೋ ನಿಂತಿರುತ್ತಿದ್ದರು, ನನಗೆ ಕಂಡದ್ದು ಕೊನೆಯ ಎರಡು ಅಕ್ಷರ: 'ಪಾರ್ಟಿ'ಯ 'ರ್ಟಿ' ಮತ್ತು ಊರಿನ ಹೆಸರಿನ 'ರ'. ಸೋಲಾಪುರವೋ, ವಿಜಾಪುರವೋ, ಶೋರಾಪುರವೋ. ನಮ್ಮ ಸುತ್ತ 'ರ'ದಲ್ಲಿ ಮುಗಿಯದ ಊರು ಹುಡುಕುವುದೇ ಕಷ್ಟ.

ಒಂದು ಮಾತು ನಡುವೆ ಹೇಳಬೇಕು. ಒಂದು ಆರ್ಕೆಸ್ಟ್ರಾಕ್ಕೆ ಇಷ್ಟು ಮರುಳಾಗಬೇಕಾ ಅಂತ ಹುಡುಗರು ಕೇಳುತ್ತಾರೆ. ನಮಗೆ ಹಾಡು ಅಂದರೆ ರೇಡಿಯೊ. ನಮ್ಮೂರಿಗೆ ಆಕಾಶವಾಣಿ ಬಂದದ್ದು 1966ರಲ್ಲಿ. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿ ಅವರ ಗೀತಮಾಲಾ. ಗರ್ ಗರ್ ಸದ್ದಿನ ನಡುವೆ ಹಾಡನ್ನು ಹೆಕ್ಕಿ ತೆಗೆಯಬೇಕು, ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ. ಹಾಡಿನ ನಡುವೆ ಬರುವ ಆ ಎಳೆಎಳೆಯ ಸದ್ದು ಯಾವುದರಿಂದ ಬರುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಪಿಟೀಲು ಅಂದುಕೊಂಡಿದ್ದೆ. ಎದೆಗೆ ಕಟ್ಟಿಕೊಂಡ ಪೆಟ್ಟಿಗೆಯನ್ನು ಒಬ್ಬ ಮನುಷ್ಯ ಹಿಗ್ಗಿಸಿ ಕುಗ್ಗಿಸಿದರೆ ಆ ಸದ್ದು ಬರುತ್ತದೆ ಅಂತ ಕಣ್ಣಾರೆ ಕಂಡದ್ದು ಆವತ್ತೇ. ಮರುಳಾಗದೆ ಇನ್ನೇನು?

ಈಗ ತಾಳೆ ನೋಡೋಣ.

ಮೊದಲ ತಕರಾರು ಎತ್ತಿದವನು ಅಣ್ಣ. ನನಗಿಂತ ಐದು ವರ್ಷ ದೊಡ್ಡವನು. ಒಂದು ಯುಗಾದಿಗೆ ಊಟಕ್ಕೆ ಕೂತಾಗ ನಾನು ಇದನ್ನು ಮಕ್ಕಳಿಗೆ ಹೇಳುತ್ತಿದ್ದೆ. ಅವನು ಹೋಳಿಗೆ ಬಿಟ್ಟು ತಲೆ ಎತ್ತಿದ. "ಗ್ರಹಣದ ವರ್ಷ ಅಲ್ಲೋ ತಮ್ಮಾ. ರಫಿ ಸಾಹೇಬ್ರ ಫೋಟೊ ಇಟ್ಟು, ಹೂವಿನ ಹಾರ ಹಾಕಿ, ಎರಡು ನಿಮಿಷ ಎಲ್ರೂ ಎದ್ದು ನಿಂತಿದ್ವಿ. ಮರ್ತಿಯೇನು?" ಅಂದ. ನನಗೆ ಫೋಟೊ ನೆನಪಿಲ್ಲ, ಎದ್ದು ನಿಂತದ್ದೂ ನೆನಪಿಲ್ಲ. ಆದರೆ ಮೊಹಮ್ಮದ್ ರಫಿ ಅವರು ತೀರಿಕೊಂಡದ್ದು 1980ರ ಜುಲೈ 31ಕ್ಕೆ. ತೇರು ಮಾರ್ಚಿನಲ್ಲಿ. ಬದುಕಿರುವವರಿಗೆ ಯಾರೂ ಮೌನ ಆಚರಿಸುವುದಿಲ್ಲ. ಅಣ್ಣ ಹೇಳಿದ್ದು ನಿಜವಾದರೆ ಅದು 1981ರ ಜಾತ್ರೆ.

"ಮತ್ತ ಹಾಡಿದವ ಗಂಡಸಲ್ಲ," ಅಂತ ಅವನೇ ಮುಂದುವರಿಸಿದ. "ನೈಲಾನ್ ಸೀರಿ ಉಟ್ಟ ಹೆಣ್ಮಗಳು. ನಾ ಎಷ್ಟು ನೋಡೀನಿ ನನಗ ಗೊತ್ತದ." ಅತ್ತಿಗೆ ಅವನನ್ನು ಒಂದು ಥರ ನೋಡಿದರು. ಮಾತು ಅಲ್ಲಿಗೇ ನಿಂತಿತು.

ಎರಡನೇ ತಪ್ಪು ನಾನೇ ಹಿಡಿದೆ. ಶಂಕರ್ ನಾಗ್ ಅವರ 'ಗೀತಾ' 1981ರ ಚಿತ್ರ. 1980ರ ಮಾರ್ಚಿನಲ್ಲಿ ಆ ಹಾಡನ್ನು ಜಾತ್ರೆಯಲ್ಲಿ ಯಾರು ಹಾಡುತ್ತಾರೆ? ಆದರೆ ಗ್ರಹಣದ ಜೋಕು ಹೇಳಿದ್ದು ಗ್ರಹಣವಾದ ಇಪ್ಪತ್ತು ದಿನಕ್ಕೇ ಇರಬೇಕು. ವರ್ಷ ಕಳೆದ ಮೇಲೆ ಆ ಜೋಕಿಗೆ ಯಾರು ನಗುತ್ತಾರೆ? ಅಣ್ಣನ ಪ್ರಕಾರ ಅದೇ ರಾತ್ರಿ 'ಕುರ್ಬಾನಿ'ಯ ಹಾಡೂ ಇತ್ತು, ನಾಜಿಯಾ ಹಸನ್ ಹಾಡಿದ್ದು. ಆ ಹುಡುಗಿಗೆ ಆಗ ಹದಿನೈದರ ಆಸುಪಾಸು ವಯಸ್ಸು. ಸಂಗೀತ ಕೊಟ್ಟ ಬಿದ್ದು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದವರು. ಲಂಡನ್ನಿನ ಆ ಧಿಂ ಧಿಂ ಸದ್ದನ್ನು ನಮ್ಮ ಆರ್ಕೆಸ್ಟ್ರಾದವರು ಒಂದು ಕಾಂಗೊ, ಒಂದು ಬುಲ್‌ಬುಲ್ ತರಂಗದಲ್ಲಿ ಹೊರಡಿಸಿದ್ದರು ಅಂತ ಅಣ್ಣ ಹೇಳುತ್ತಾನೆ. ಆ ಚಿತ್ರ ಬಂದದ್ದು 1980ರ ಜೂನಿನಲ್ಲಿ. ಮತ್ತೆ ಅದೇ, 1981.

ಹೀಗೆ ಜಗ್ಗಾಡುತ್ತಿರುವಾಗ ಹಳೆ ಮನೆ ಕೆಡವುವ ಕೆಲಸ ಬಂತು. ಅಪ್ಪನ ಟ್ರಂಕು ಸಿಕ್ಕಿತು. ಅಪ್ಪ ಕಿರಾಣಿ ಅಂಗಡಿ ಇಟ್ಟವರು. ರೋಜ್‌ಕಿರ್ದಿ, ಅಂದರೆ ದಿನದ ಲೆಕ್ಕ, ಬರೆಯದೆ ಮಲಗುತ್ತಿರಲಿಲ್ಲ. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿ, ಒಂದು ಬಾಜು ಜಮಾ, ಒಂದು ಬಾಜು ಖರ್ಚು. ಅಂಗಡಿಯದು, ಮನೆಯದು ಎಲ್ಲ ಅದರಲ್ಲೇ. ಕೆಲವು ವಹಿಗಳನ್ನು ಗೆದ್ದಲು ತಿಂದಿತ್ತು. ಈ ಎರಡು ವರ್ಷದವು ಉಳಿದಿದ್ದವು.

1980ರ ತೇರಿನ ದಿನದ ಪುಟ ತೆಗೆದೆ. ಖರ್ಚಿನ ಬಾಜು ಅಪ್ಪನ ಓರೆ ಅಕ್ಷರದಲ್ಲಿ ಹೀಗಿದೆ: "ದೊಡ್ಡವನಿಗೆ ಜಾತ್ರಿ ಖರ್ಚಿಗೆ 2-00." ಅದರ ಕೆಳಗೆ, "ಸಣ್ಣವನಿಗೆ ಜ್ವರ, ಗುಳಿಗಿ 1-25."

ಸಣ್ಣವನು ಅಂದರೆ ನಾನು.

ಆ ಪುಟವನ್ನು ಎಷ್ಟು ಹೊತ್ತು ನೋಡಿದೆನೋ. ಮುಂದಿನ ವರ್ಷದ ಪುಟದಲ್ಲಿ "ಹುಡುಗರಿಗೆ ಜಾತ್ರಿ 5-00" ಅಂತ ಇದೆ. ಹುಡುಗರಿಗೆ, ಇಬ್ಬರಿಗೂ. ಅಂದರೆ ಗ್ರಹಣದ ವರ್ಷ ನಾನು ಜಾತ್ರೆಗೆ ಹೋಗಿಯೇ ಇಲ್ಲ. ಮನೆಯಲ್ಲಿ ಜ್ವರ ಹೊದ್ದು ಮಲಗಿದ್ದೆ. ಹಾಗಾದರೆ ಆ ಮಿಮಿಕ್ರಿಯವನ ಮುಖ, ಆ ಮೇಲೇರಿದ ಹುಬ್ಬು, ಎಲ್ಲಿಂದ ಬಂತು?

ನನ್ನ ಮಗಳು ಮನಶ್ಶಾಸ್ತ್ರ ಓದಿದವಳು. ಅವಳ ಮುಂದೆ ವಹಿ ಇಟ್ಟೆ. ನಕ್ಕಳು. ಆಮೇಲೆ ಒಂದು ಪ್ರಯೋಗದ ಕಥೆ ಹೇಳಿದಳು. 1986ರ ಜನವರಿ 28ಕ್ಕೆ ಅಮೆರಿಕದ ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ಆಕಾಶದಲ್ಲೇ ಒಡೆಯಿತು, ಏಳು ಜನ ಸತ್ತರು. ಮರುದಿನ ಬೆಳಿಗ್ಗೆ ಅಲ್ರಿಕ್ ನೈಸರ್ ಎಂಬ ಪ್ರಾಧ್ಯಾಪಕರು ಎಮೊರಿ ವಿಶ್ವವಿದ್ಯಾಲಯದ ತಮ್ಮ ವಿದ್ಯಾರ್ಥಿಗಳಿಗೆ ಹಾಳೆ ಹಂಚಿದರು. ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ, ಬರೆಯಿರಿ ಅಂದರು. ಎರಡೂವರೆ ವರ್ಷ ಬಿಟ್ಟು ಅವರಲ್ಲಿ 44 ಜನರನ್ನು ಕರೆದು ಅದೇ ಪ್ರಶ್ನೆ ಕೇಳಿದರು. ನಾಲ್ಕರಲ್ಲಿ ಒಬ್ಬರ ಉತ್ತರ ಮೊದಲಿನದಕ್ಕೆ ಒಂದು ಅಂಶದಲ್ಲೂ ಹೊಂದಲಿಲ್ಲ. ಅದಕ್ಕಿಂತ ಮಜಾ ಏನೆಂದರೆ, ಅವರದೇ ಕೈಬರಹದ ಹಾಳೆ ತೋರಿಸಿದರೂ ಹೊಸ ನೆನಪು ಅಳಿಸಲಿಲ್ಲ, ಹಳೆಯದು ಮರಳಿ ಬರಲೂ ಇಲ್ಲ.

"ಅಪ್ಪಾ, ಅವರದ್ದು ಎರಡೂವರೆ ವರ್ಷ. ನಿಮ್ಮದು ನಲವತ್ತು," ಅಂದಳು. ನನಗೆ ಸ್ವಲ್ಪ ಸಮಾಧಾನ ಆಯಿತು.

ಇನ್ನೊಂದನ್ನೂ ಹೇಳಿದಳು. ಇಂಗ್ಲೆಂಡಿನ ಫ್ರೆಡರಿಕ್ ಬಾರ್ಟ್ಲೆಟ್ ಎಂಬವರು 1932ರಲ್ಲೇ ಇದರ ಬಗ್ಗೆ ಪುಸ್ತಕ ಬರೆದಿದ್ದಾರೆ. ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷರಿಗೆ ಓದಿಸಿ, ಆಮೇಲೆ ನೆನಪಿನಿಂದ ಹೇಳಿಸಿದರು. ಕಥೆಯಲ್ಲಿದ್ದ ಪರಊರಿನ ವಸ್ತುಗಳೆಲ್ಲ ಹೇಳುತ್ತ ಹೇಳುತ್ತ ಮನೆಯ ವಸ್ತುಗಳಾದವು. ಸೀಲ್ ಎಂಬ ಕಡಲ ಪ್ರಾಣಿಯ ಬೇಟೆ ಸುಮ್ನೆ ಮೀನು ಹಿಡಿಯುವುದಾಯಿತು. ಖಾಲಿ ಇದ್ದ ಜಾಗವನ್ನು ತಲೆ ತನ್ನಲ್ಲಿರುವ ಸಾಮಾನಿನಿಂದಲೇ ತುಂಬಿಸಿಕೊಳ್ಳುತ್ತದೆಯಂತೆ. ಇದು ನನಗೆ ಬೇಗ ಅರ್ಥವಾಯಿತು. ಗಂಜಿನಲ್ಲಿ ಚೀಟಿ ಕಳೆದುಹೋದರೆ ಹಳೆಯ ಧಾರಣೆ ನೋಡಿ ಅಂದಾಜು ಬರೆಯುವ ಗುಮಾಸ್ತರು ಇರುತ್ತಾರೆ. ಶಿಲ್ಕು ತಾಳೆಯಾಗುತ್ತದೆ. ಸರಿಯಾಗಿದೆ ಅಂತ ಅರ್ಥವಲ್ಲ.

ಹಾಗಂತ ನಾನು ಬಿಡುವವನಲ್ಲ. ನನ್ನ ನೆನಪನ್ನೇ ಸಾಲು ಸಾಲಾಗಿ ಮತ್ತೆ ಓದಿದೆ. ಆಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ನೀವು ಆಗಲೇ ಹಿಡಿದಿರಬಹುದು. ಕರೆಂಟ್ ಹೋದಾಗ ಏನಾಯಿತು ಅಂತ ಹೇಳಿದೆ? ಎಲ್ಲ ಸುಮ್ಮನಾಯಿತು, ದೂರದಲ್ಲಿ ನಾಯಿ ಬೊಗಳಿತು ಅಂದೆ. ಅದರ ಬೆನ್ನಿಗೇ, ಅಕಾರ್ಡಿಯನ್ ನಿಲ್ಲಲಿಲ್ಲ, ತೇಪೆ ಸುಸ್ಸ್ ಅಂದಿತು ಅಂದೆ. ಎರಡೂ ಹೇಗೆ ಆಗುತ್ತದೆ? ಎರಡು ಮಾರು ದೂರದಲ್ಲಿ ಪೆಟ್ಟಿಗೆ ನುಡಿಯುತ್ತಿದ್ದರೆ, ಜನ ಚಪ್ಪಾಳೆ ತಟ್ಟುತ್ತಿದ್ದರೆ, ದೂರದ ನಾಯಿ ಕೇಳುತ್ತದಾ?

ಕೇಳುವುದಿಲ್ಲ. ಅವು ಎರಡು ಕತ್ತಲು. ಒಂದರಲ್ಲಿ ನಾನು ಫರಸಿಯ ಮೇಲಿದ್ದೆ. ಇನ್ನೊಂದರಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲಿದ್ದೆ.

ಮಾಳಿಗೆ ಅಂದ ಕೂಡಲೇ ಮಿಕ್ಕದ್ದು ಒಂದೊಂದಾಗಿ ಬಂತು. ಸೆಕೆಗೆ ಒಳಗೆ ಮಲಗಲು ಆಗದೆ ಅವ್ವ ನನ್ನನ್ನು ಮೇಲೆ ಕರೆದುಕೊಂಡು ಹೋಗಿದ್ದಳು. ಕೌದಿ ಹಾಸಿದ್ದಳು. ಹಣೆಯ ಮೇಲೆ ಒದ್ದೆ ಬಟ್ಟೆ ಇತ್ತು, ಅದರ ನೀರು ಕಿವಿಗೆ ಇಳಿಯುತ್ತಿತ್ತು. ಜಾತ್ರೆಯ ಕಡೆಯಿಂದ ಭೋಂಗಾದ ಸದ್ದು ಗಾಳಿಯಲ್ಲಿ ಬರುತ್ತಿತ್ತು. ಗಾಳಿ ಈ ಕಡೆ ಬೀಸಿದರೆ ಹಾಡು, ಆ ಕಡೆ ತಿರುಗಿದರೆ ಇಲ್ಲ. ಗ್ರಹಣದ ಜೋಕು ಬಂದಾಗ ಅವ್ವ ಜೋರಾಗಿ ನಕ್ಕಳು. ಅಪ್ಪನ ಮುಂದೆ ಹಾಗೆ ನಗುತ್ತಿರಲಿಲ್ಲ. ಆಮೇಲೆ ಖವ್ವಾಲಿ ಅರ್ಧಕ್ಕೇ ನಿಂತಿತು. ಭೋಂಗಾಕ್ಕೆ ಕರೆಂಟ್ ಇಲ್ಲದಿದ್ದರೆ ನಮ್ಮ ಮಾಳಿಗೆಗೆ ಆರ್ಕೆಸ್ಟ್ರಾನೂ ಇಲ್ಲ. ನಾಯಿ ಮಾತ್ರ. "ಮಕ್ಕೋ ಇನ್ನ," ಅಂದಳು ಅವ್ವ.

ಅಂದರೆ ಆ ಜೋಕನ್ನು ನಾನು ಕೇಳಿದ್ದು ನಿಜ, ಗ್ರಹಣದ ವರ್ಷವೇ ಕೇಳಿದ್ದು ನಿಜ. ಮುಖ ಮಾತ್ರ ಮುಂದಿನ ವರ್ಷದ್ದು. ಕೇಳಿದ ಮಾತಿಗೆ, ನೋಡಿದ ಮುಖ ಅಂಟಿಸಿಕೊಂಡು ಒಂದೇ ರಾತ್ರಿ ಮಾಡಿಟ್ಟಿದ್ದೆ. ಎರಡೂ ವರ್ಷ ಕರೆಂಟ್ ಹೋಗಿತ್ತಾ ಅಂತ ಕೇಳಬೇಡಿ. ಆಗಿನ ಕಾಲದಲ್ಲಿ ಕರೆಂಟ್ ಹೋಗದ ಜಾತ್ರೆ ಯಾವುದಿತ್ತು?

'ಗೀತಾ' ಹಾಡು ಇನ್ನೂ ತಾಳೆಯಾಗಿಲ್ಲ. ಚಿತ್ರ 1981ರದೇ ಆದರೂ, ಆ ವರ್ಷದ ಜಾತ್ರೆಯ ಹೊತ್ತಿಗೆ ಬಂದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಬಹುಶಃ ಆಮೇಲಿನ ಯಾವುದೋ ಜಾತ್ರೆಯದು, ಇಲ್ಲ ಯಾವುದೋ ಮದುವೆಯದು. ಅದನ್ನು ಎಲ್ಲೂ ಹಾಕಲು ಜಾಗ ಸಿಗದೆ ಇದರ ಕೊನೆಗೆ ಜೋಡಿಸಿದ್ದೇನೆ. ಅಡತಿಯಲ್ಲಿ ಇಂಥದಕ್ಕೆ ಅನಾಮತ್ ಖಾತೆ ಅಂತ ಇರುತ್ತದೆ. ಅಲ್ಲೇ ಇರಲಿ.

ವಿಚಿತ್ರ ಏನೆಂದರೆ, ವಹಿ ಸಿಗುವವರೆಗೆ ಅವ್ವ ಈ ಕಥೆಯಲ್ಲಿ ಇರಲೇ ಇಲ್ಲ. ಅಣ್ಣ ಇದ್ದ, ಅಕಾರ್ಡಿಯನ್ ಇತ್ತು, ಸೈಕಲ್ ಟ್ಯೂಬಿನ ತೇಪೆ ಕೂಡ ಇತ್ತು. ರಾತ್ರಿಯೆಲ್ಲ ಒದ್ದೆ ಬಟ್ಟೆ ಬದಲಿಸಿದವಳಿಗೆ ಮಾತ್ರ ಜಾಗ ಇರಲಿಲ್ಲ. ಒಂದೂ ಕಾಲು ರೂಪಾಯಿಯ ಗುಳಿಗೆಯ ಲೆಕ್ಕದಿಂದ ಅವಳು ಒಳಗೆ ಬಂದಳು.

ಈಗ ಹಾಡಿದವನು ಗಂಡಸೋ ಹೆಂಗಸೋ ಅನ್ನೋದೊಂದು ಉಳಿಯಿತು. ನನಗಂತೂ ಆ ಕರವಸ್ತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಅಣ್ಣ ಎರಡನೇ ಸಾಲಿನಲ್ಲಿ ಕೂತಿದ್ದಾನೆ, ಆಗಿನಿಂದ ತಲೆ ಅಲ್ಲಾಡಿಸುತ್ತಿದ್ದಾನೆ. ಅದು ಅಕಾರ್ಡಿಯನ್ನೇ ಅಲ್ಲ, ಹಾರ್ಮೋನಿಯಂ ಅಂತ ಬರುವಾಗ ಆಟೊದಲ್ಲಿ ಹೊಸ ತಕರಾರು ತೆಗೆದಿದ್ದಾನೆ. ಅತ್ತಿಗೆ ಇವತ್ತು ಬಂದಿಲ್ಲ, ಧೈರ್ಯವಾಗಿ ಮಾತಾಡಬಹುದು. ತಗೋ ಅಣ್ಣಾ, ಮೈಕ್ ಹಿಡಿ.